ಐಸೆನ್‌ಹೋವರ್ ಕಡತಗಳು: ಸೇನಾನಿಯ ಚೀಟಿಯಿಂದ ಅಧ್ಯಕ್ಷರ ದಿನಚರಿಯವರೆಗೆ

ಅಮೆರಿಕದ 34ನೇ ಅಧ್ಯಕ್ಷ ಡ್ವೈಟ್ ಡೇವಿಡ್ ಐಸೆನ್‌ಹೋವರ್ (1890-1969) ಎರಡು ಜನ್ಮಕ್ಕಾಗುವಷ್ಟು ಕೆಲಸವನ್ನು ಒಂದೇ ಜನ್ಮದಲ್ಲಿ ಮಾಡಿದವರು. ಎರಡನೇ ಮಹಾಯುದ್ಧದಲ್ಲಿ ಪಶ್ಚಿಮ ಯುರೋಪಿನ ಮಿತ್ರಪಡೆಗಳ ಮಹಾದಂಡನಾಯಕರಾಗಿದ್ದರು. ಆಮೇಲೆ 1953ರ ಜನವರಿ 20ರಿಂದ 1961ರ ಜನವರಿ 20ರವರೆಗೆ ಎಂಟು ವರ್ಷ ದೇಶದ ಅಧ್ಯಕ್ಷರಾಗಿದ್ದರು. ಈ ಎರಡೂ ಬದುಕಿನ ಕಾಗದಪತ್ರಗಳ ದೊಡ್ಡ ಭಾಗ ಇರುವುದು ವಾಷಿಂಗ್ಟನ್‌ನಲ್ಲಿ ಅಲ್ಲ, ಅವರು ಬೆಳೆದ ಕಾನ್ಸಾಸ್ ರಾಜ್ಯದ ಆಬಿಲಿನ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಅಧ್ಯಕ್ಷೀಯ ಗ್ರಂಥಾಲಯದಲ್ಲಿ ಸುಮಾರು 2.6 ಕೋಟಿ ಪುಟಗಳಷ್ಟು ದಾಖಲೆಗಳಿವೆ.

ಇಷ್ಟೊಂದು ಕಾಗದ ಯಾರಿಗೆ ಬೇಕು ಎಂದು ಕೇಳಬಹುದು. ಉತ್ತರ ಐಸೆನ್‌ಹೋವರ್ ಅವರ ಕಥೆಯಲ್ಲೇ ಇದೆ. ಅವರು ಅಧಿಕಾರ ಬಿಟ್ಟ ಮರುವರ್ಷ, ಅಂದರೆ 1962ರಲ್ಲಿ, ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್ (ಹಿರಿಯ) ನಡೆಸಿದ ಅಭಿಪ್ರಾಯ ಸಂಗ್ರಹದಲ್ಲಿ ಅಮೆರಿಕದ ಅಧ್ಯಕ್ಷರ ಪಟ್ಟಿಯಲ್ಲಿ ಅವರಿಗೆ ಸಿಕ್ಕಿದ್ದು 22ನೇ ಸ್ಥಾನ. ಗಾಲ್ಫ್ ಆಡಿಕೊಂಡು ಕಾಲ ಕಳೆದ, ಆಡಳಿತವನ್ನು ಸಹಾಯಕರಿಗೆ ಬಿಟ್ಟುಕೊಟ್ಟ ಸಾಧು ಮುದುಕ ಎಂಬುದು ಆಗಿನ ಅಭಿಪ್ರಾಯ. 2017 ಮತ್ತು 2021ರಲ್ಲಿ ಸಿ-ಸ್ಪ್ಯಾನ್ ವಾಹಿನಿ ಇತಿಹಾಸಕಾರರನ್ನು ಕೇಳಿದಾಗ ಅದೇ ವ್ಯಕ್ತಿ 5ನೇ ಸ್ಥಾನಕ್ಕೆ ಏರಿದ್ದರು. ಈ ಏರಿಕೆಗೆ ಬಹುಮಟ್ಟಿಗೆ ಕಾರಣ ಪೆಟ್ಟಿಗೆಗಳಿಂದ ಹೊರಬಂದ ಕಾಗದಗಳು.

ಕಾಗದ ಯಾರ ಸ್ವತ್ತು?

ಅಮೆರಿಕದಲ್ಲಿ ಬಹುಕಾಲ ಅಧ್ಯಕ್ಷರ ಕಾಗದಪತ್ರಗಳು ಅವರ ಖಾಸಗಿ ಸ್ವತ್ತಾಗಿದ್ದವು. ಅಧಿಕಾರ ಮುಗಿದ ದಿನ ಗಾಡಿಗೆ ತುಂಬಿ ಮನೆಗೆ ಒಯ್ಯುತ್ತಿದ್ದರು. ಅಬ್ರಹಾಂ ಲಿಂಕನ್ ಅವರ ಕಾಗದಗಳನ್ನು ಮಗ ಕಾದಿಟ್ಟುಕೊಂಡು, ತಾನು ಸತ್ತು 21 ವರ್ಷ ಆಗುವವರೆಗೆ ತೆರೆಯಕೂಡದೆಂದು ಷರತ್ತು ಹಾಕಿದ್ದರಿಂದ ಅವು 1947ರಲ್ಲಷ್ಟೇ ಸಾರ್ವಜನಿಕರ ಕಣ್ಣಿಗೆ ಬಿದ್ದವು. ಚೆಸ್ಟರ್ ಆರ್ಥರ್ ಎಂಬ ಅಧ್ಯಕ್ಷರಂತೂ ಸಾಯುವ ಮುನ್ನ ತಮ್ಮ ಕಾಗದಗಳಲ್ಲಿ ಹೆಚ್ಚಿನವನ್ನು ಸುಡಿಸಿಬಿಟ್ಟರು.

ಈ ಪದ್ಧತಿಗೆ ಮೊದಲು ಬೇರೆ ದಾರಿ ತೋರಿಸಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ತಮ್ಮ ಊರಲ್ಲೇ ಗ್ರಂಥಾಲಯ ಕಟ್ಟಿಸಿ, ಕಾಗದಗಳ ಸಮೇತ ಸರ್ಕಾರಕ್ಕೆ ಒಪ್ಪಿಸಿದರು. ಅದು 1941ರಲ್ಲಿ ತೆರೆಯಿತು. ಈ ಮಾದರಿಗೆ ಕಾನೂನಿನ ರೂಪ ಕೊಟ್ಟದ್ದು 1955ರ ಆಗಸ್ಟ್ 12ರ ಅಧ್ಯಕ್ಷೀಯ ಗ್ರಂಥಾಲಯ ಕಾಯ್ದೆ. ಅದಕ್ಕೆ ಸಹಿ ಹಾಕಿದವರು ಐಸೆನ್‌ಹೋವರ್ ಅವರೇ. ಕಟ್ಟಡವನ್ನು ದಾನಿಗಳ ಹಣದಿಂದ ಕಟ್ಟಬೇಕು, ನಡೆಸುವ ಹೊಣೆ ರಾಷ್ಟ್ರೀಯ ಪತ್ರಾಗಾರದ್ದು ಎಂಬುದು ಅದರ ಸಾರ. ಆದರೆ ಆ ಕಾಯ್ದೆಯಲ್ಲಿ ಕಡ್ಡಾಯ ಎಂಬುದಿರಲಿಲ್ಲ. ಕೊಟ್ಟರೆ ಸರ್ಕಾರ ತೆಗೆದುಕೊಳ್ಳಬಹುದು, ಅಷ್ಟೆ. ವಾಟರ್‌ಗೇಟ್ ಹಗರಣ ಮುಗಿದ ಮೇಲೆ 1978ರಲ್ಲಿ ಬಂದ ಕಾಯ್ದೆ ಅಧ್ಯಕ್ಷರ ದಾಖಲೆಗಳು ದೇಶದ ಸ್ವತ್ತು ಎಂದು ಸಾರಿತು. ಅದು ಅನ್ವಯವಾದದ್ದು 1981ರ ಜನವರಿ 20ರ ನಂತರ ಹುಟ್ಟಿದ ದಾಖಲೆಗಳಿಗೆ. ಹೀಗಾಗಿ ಐಸೆನ್‌ಹೋವರ್ ಕಡತಗಳು ಇಂದು ಓದಲು ಸಿಗುತ್ತಿರುವುದು ಅವರೇ ಬರೆದುಕೊಟ್ಟ ದಾನಪತ್ರದಿಂದ.

ಆಬಿಲಿನ್‌ನಲ್ಲಿ ಮೊದಲು ತೆರೆದದ್ದು ವಸ್ತುಸಂಗ್ರಹಾಲಯ, 1954ರಲ್ಲಿ. ಗ್ರಂಥಾಲಯದ ಕಟ್ಟಡ 1962ರ ಮೇ 1ರಂದು ಲೋಕಾರ್ಪಣೆಯಾಯಿತು. ಸಂಶೋಧಕರಿಗೆ ಬಾಗಿಲು ತೆರೆದದ್ದು 1966ರಲ್ಲಿ. ಐಸೆನ್‌ಹೋವರ್ ಬಾಲ್ಯ ಕಳೆದ ಮರದ ಮನೆಯೂ ಅದೇ ಆವರಣದಲ್ಲಿದೆ. ಅವರ, ಪತ್ನಿ ಮೇಮಿಯವರ ಮತ್ತು ಮೂರು ವರ್ಷ ತುಂಬಿದ್ದಾಗ 1921ರಲ್ಲಿ ತೀರಿಹೋದ ಮೊದಲ ಮಗನ ಸಮಾಧಿಗಳೂ ಅಲ್ಲೇ.

ಸೇನೆಯ ದಿನಗಳು

ಸೇನಾ ಜೀವನದ ಖಾಸಗಿ ಕಾಗದಗಳನ್ನು ಗ್ರಂಥಾಲಯದಲ್ಲಿ 'ಅಧ್ಯಕ್ಷ ಪದವಿಗೆ ಮುಂಚಿನ ಕಾಗದಗಳು, 1916-52' ಎಂಬ ಹೆಸರಿನಲ್ಲಿ ಜೋಡಿಸಿದ್ದಾರೆ. ಓದುತ್ತಾ ಹೋದರೆ ಗಮನಕ್ಕೆ ಬರುವ ಮೊದಲ ಸಂಗತಿ, ಈ ಮನುಷ್ಯನ ಬಡ್ತಿ ಎಷ್ಟು ನಿಧಾನವಾಗಿತ್ತು ಎಂಬುದು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ 1915ರಲ್ಲಿ 164 ಮಂದಿಯ ತರಗತಿಯಲ್ಲಿ 61ನೆಯವರಾಗಿ ಹೊರಬಂದರು. (ಆ ತರಗತಿಯ 59 ಮಂದಿ ಮುಂದೆ ಜನರಲ್‌ಗಳಾದರು; ಇಂಥ ತರಗತಿ ಮತ್ತೊಂದಿಲ್ಲ.) ಮೊದಲ ಮಹಾಯುದ್ಧಕ್ಕೆ ಯುರೋಪಿಗೆ ಹೋಗಲು ಅವಕಾಶವೇ ಸಿಗಲಿಲ್ಲ. ಗೆಟ್ಟಿಸ್‌ಬರ್ಗ್‌ನಲ್ಲಿ ಟ್ಯಾಂಕ್ ಪಡೆಗೆ ತರಬೇತಿ ಕೊಡುತ್ತಿರುವಾಗಲೇ ಯುದ್ಧ ಮುಗಿಯಿತು. 1920ರಲ್ಲಿ ಮೇಜರ್ ಆದವರು 1936ರವರೆಗೂ ಮೇಜರ್ ಆಗಿಯೇ ಉಳಿದರು.

ಆ ಕಾಲದ ಒಂದು ವರದಿಗೆ ಇತ್ತೀಚಿನ ವರ್ಷಗಳಲ್ಲಿ ಬೆಲೆ ಬಂದಿದೆ. 1919ರಲ್ಲಿ ಸೇನೆಯ ಲಾರಿಗಳ ಸಾಲೊಂದು ವಾಷಿಂಗ್ಟನ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿತು. ಜುಲೈ 7ಕ್ಕೆ ಹೊರಟದ್ದು ಸೆಪ್ಟೆಂಬರ್ 6ಕ್ಕೆ ತಲುಪಿತು. ಸುಮಾರು 3,250 ಮೈಲು, 62 ದಿನ. ದಿನಕ್ಕೆ ಸರಾಸರಿ 52 ಮೈಲು. ಎತ್ತಿನ ಗಾಡಿಗಿಂತ ವಾಸಿ, ಅಷ್ಟೆ. ಟ್ಯಾಂಕ್ ಪಡೆಯ ವೀಕ್ಷಕರಾಗಿ ಜೊತೆಗಿದ್ದ ಐಸೆನ್‌ಹೋವರ್ ಆ ವರ್ಷದ ನವೆಂಬರಿನಲ್ಲಿ ವರದಿ ಬರೆದು, ರಸ್ತೆಗಳ ದುರವಸ್ಥೆ ಮತ್ತು ವಾಹನಗಳ ತೊಂದರೆಗಳನ್ನು ದಾಖಲಿಸಿದರು. ಮೂವತ್ತೇಳು ವರ್ಷಗಳ ನಂತರ, 1956ರ ಜೂನ್ 29ರಂದು, 41,000 ಮೈಲು ಹೆದ್ದಾರಿ ಜಾಲದ ಕಾಯ್ದೆಗೆ ಸಹಿ ಬಿದ್ದದ್ದು ಇದೇ ಕೈಯಿಂದ. ನಡುವೆ ಜರ್ಮನಿಯ ಆಟೊಬಾನ್ ರಸ್ತೆಗಳನ್ನೂ ಅವರು ಕಂಡಿದ್ದರು.

ಫಿಲಿಪ್ಪೀನ್ಸ್‌ನಲ್ಲಿ 1935ರಿಂದ 1939ರವರೆಗೆ ಜನರಲ್ ಡಗ್ಲಾಸ್ ಮೆಕಾರ್ಥರ್ ಕೈಕೆಳಗೆ ದುಡಿದಾಗ ಬರೆದ ದಿನಚರಿ ಇನ್ನೂ ರುಚಿಕರ. ಮೇಲಧಿಕಾರಿ ಆ ದೇಶದ ಫೀಲ್ಡ್ ಮಾರ್ಷಲ್ ಪದವಿಯನ್ನು ಒಪ್ಪಿಕೊಂಡದ್ದು ಕಿರಿಯನಿಗೆ ಹಿಡಿಸಿರಲಿಲ್ಲ. ಎದುರಿಗೆ ನಗುಮುಖ, ರಾತ್ರಿ ದಿನಚರಿಯಲ್ಲಿ ಸಿಟ್ಟು. ಸದಾ ಮುಗುಳ್ನಗುವ ಚಿತ್ರಗಳಲ್ಲಿ ಮಾತ್ರ ಇವರನ್ನು ಕಂಡವರಿಗೆ ಆ ಪುಟಗಳು ಬೇರೆಯೇ ಮನುಷ್ಯನನ್ನು ತೋರಿಸುತ್ತವೆ.

ಜೇಬಿನಲ್ಲಿ ಉಳಿದ ಚೀಟಿ

ಇಡೀ ಸಂಗ್ರಹದಲ್ಲಿ ಹೆಚ್ಚು ಹೆಸರಾದದ್ದು ಪೆನ್ಸಿಲಿನಲ್ಲಿ ಗೀಚಿದ ಒಂದು ಸಣ್ಣ ಚೀಟಿ. 1944ರ ಜೂನ್ 6ರಂದು ನಾರ್ಮಂಡಿ ಕಡಲತೀರದಲ್ಲಿ ಮಿತ್ರಪಡೆಗಳು ಇಳಿದವು. ಹವಾಮಾನ ಕೆಟ್ಟಿತ್ತು, ಒಂದು ದಿನ ಮುಂದೂಡಿದ್ದಾಗಿತ್ತು, ಇನ್ನೂ ಮುಂದೂಡಿದರೆ ಉಬ್ಬರವಿಳಿತದ ಲೆಕ್ಕ ತಪ್ಪುತ್ತಿತ್ತು. ಹೊರಡಿ ಎಂದು ಆಜ್ಞೆ ಕೊಟ್ಟ ಮೇಲೆ ಐಸೆನ್‌ಹೋವರ್ ಒಬ್ಬರೇ ಕುಳಿತು, ದಾಳಿ ಸೋತರೆ ಹೊರಡಿಸಬೇಕಾದ ಹೇಳಿಕೆಯನ್ನು ಬರೆದಿಟ್ಟರು. ನೆಲೆ ಊರಲು ಆಗಲಿಲ್ಲ, ಸೈನಿಕರನ್ನು ಹಿಂದಕ್ಕೆ ಕರೆಸಿಕೊಂಡಿದ್ದೇನೆ, ಭೂಸೇನೆ ವಾಯುಪಡೆ ನೌಕಾಪಡೆಗಳು ಮಾಡಬೇಕಾದ್ದನ್ನೆಲ್ಲ ಮಾಡಿದವು, ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದು ಎಂಬುದು ಅದರ ತಾತ್ಪರ್ಯ.

ಮೂಲ ಚೀಟಿಯನ್ನೇ ಯಾಕೆ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಚ್ಚಿನಲ್ಲಿ ಓದಿದರೆ ಕಾಣದ ಎರಡು ಸಂಗತಿಗಳು ಅದರಲ್ಲಿವೆ. ಒಂದು, ತಾರೀಕು. ಜೂನ್ 5 ಎಂದಿರಬೇಕಾದಲ್ಲಿ ಜುಲೈ 5 ಎಂದು ಬರೆದಿದ್ದಾರೆ. ಆ ರಾತ್ರಿ ತಲೆಯ ಮೇಲಿದ್ದ ಭಾರ ಎಷ್ಟೆಂಬುದನ್ನು ಈ ಒಂದು ತಪ್ಪು ಹೇಳುತ್ತದೆ. ಎರಡನೆಯದು, ಹೊಡೆದುಹಾಕಿದ ಪದಗಳು. ಸೈನಿಕರನ್ನು ಹಿಂದೆಗೆಯಲಾಗಿದೆ ಎಂಬರ್ಥದ, ಕರ್ತೃವಿಲ್ಲದ ಸರ್ಕಾರಿ ವಾಕ್ಯವನ್ನು ಮೊದಲು ಬರೆದು, ಅದನ್ನು ಹೊಡೆದು, ನಾನು ಹಿಂದೆಗೆದುಕೊಂಡಿದ್ದೇನೆ ಎಂದು ತಿದ್ದಿದ್ದಾರೆ. ದಾಳಿಯ ನಿರ್ಧಾರ ಎಂಬಲ್ಲಿಯೂ ಹಾಗೆಯೇ, ನನ್ನ ನಿರ್ಧಾರ ಎಂದು ಮಾಡಿದ್ದಾರೆ. ನಮ್ಮ ಕಚೇರಿಗಳ 'ಕ್ರಮ ಕೈಗೊಳ್ಳಲಾಗುವುದು' ಎಂಬ ಭಾಷೆಗೆ ಒಗ್ಗಿಹೋದವರು ಈ ತಿದ್ದುಪಡಿಯನ್ನು ಎರಡು ಸಲ ನೋಡಬೇಕು.

ದಾಳಿ ಗೆದ್ದಿತು, ಚೀಟಿ ಬೇಡವಾಯಿತು. ಕೆಲವು ವಾರಗಳ ನಂತರ ಅದು ಐಸೆನ್‌ಹೋವರ್ ಅವರ ಪರ್ಸಿನಲ್ಲಿ ಸಿಕ್ಕಿತು. ಬಿಸಾಡಬೇಡಿ ಎಂದು ಕೇಳಿ ಪಡೆದುಕೊಂಡವರು ಅವರ ನೌಕಾ ಸಹಾಯಕ ಹ್ಯಾರಿ ಬುಚರ್. ಯುದ್ಧಕಾಲದ ಕಚೇರಿ ದಿನಚರಿ ಇಡುತ್ತಿದ್ದ ಬುಚರ್‌ಗೆ ಕಾಗದದ ಬೆಲೆ ಗೊತ್ತಿತ್ತು. ಅವರಲ್ಲದೆ ಬೇರೊಬ್ಬರು ಅಲ್ಲಿದ್ದಿದ್ದರೆ ಅದು ಕಸದ ಬುಟ್ಟಿಗೆ ಹೋಗುತ್ತಿತ್ತು.

ಎಲ್ಲವೂ ಒಂದೇ ಕಡೆ ಇಲ್ಲ

ಆಬಿಲಿನ್‌ಗೆ ಹೋದರೆ ಎಲ್ಲವೂ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ಮಹಾದಂಡನಾಯಕರ ಕಚೇರಿಯ ಅಧಿಕೃತ ಕಡತಗಳು ಮೇರಿಲ್ಯಾಂಡ್ ರಾಜ್ಯದ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವರನ್ನು ಮೇಲಕ್ಕೆ ತಂದ ಜನರಲ್ ಜಾರ್ಜ್ ಮಾರ್ಷಲ್ ಅವರ ಕಾಗದಗಳು ವರ್ಜೀನಿಯಾದ ಲೆಕ್ಸಿಂಗ್ಟನ್‌ನಲ್ಲಿವೆ. ಬ್ರಿಟಿಷರ ಕಡೆಯ ದಾಖಲೆ ಲಂಡನ್ನಿನ ಕ್ಯೂನಲ್ಲಿದೆ. ಇದು ಗಡಿನಾಡಿನ ಓದುಗರಿಗೆ ಹೊಸತಲ್ಲ. ಕಾಸರಗೋಡಿನ ಹಳೆಯ ವಿಷಯ ಹುಡುಕುವವರು ತಿರುವನಂತಪುರಕ್ಕಲ್ಲ, ಮದರಾಸು ಸರ್ಕಾರದ ಕಾಲದ ಕಡತಗಳಿಗಾಗಿ ಚೆನ್ನೈಗೆ ಹೋಗಬೇಕಾಗುತ್ತದೆ.

ಸಾಮಾನ್ಯ ಸೈನಿಕರ ಪಾಡು ಇನ್ನೂ ಬೇರೆ. 1973ರ ಜುಲೈ 12ರಂದು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿ ಬಳಿಯ ಸೇನಾ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1.6 ಕೋಟಿಯಿಂದ 1.8 ಕೋಟಿಯಷ್ಟು ಸೇವಾ ಕಡತಗಳು ನಾಶವಾದವು. 1912ರ ನವೆಂಬರ್‌ನಿಂದ 1960ರ ಜನವರಿ 1ರ ನಡುವೆ ಬಿಡುಗಡೆಯಾದ ಭೂಸೇನೆ ಸಿಬ್ಬಂದಿಯ ದಾಖಲೆಗಳಲ್ಲಿ ಶೇ. 80ರಷ್ಟು ಹೋದವು. ನಕಲು ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ. ಅಂದರೆ ನಾರ್ಮಂಡಿಗೆ ಆಜ್ಞೆ ಕೊಟ್ಟವರ ಪೆನ್ಸಿಲ್ ಚೀಟಿ ಉಳಿಯಿತು. ಆಜ್ಞೆ ಪಾಲಿಸಿ ಕಡಲಿಗೆ ಇಳಿದ ಅನೇಕರ ಸೇವಾಪುಸ್ತಕವೇ ಇಲ್ಲ. ಪಿಂಚಣಿ, ಪದಕ, ಆಸ್ಪತ್ರೆ ಸೌಲಭ್ಯ ಕೇಳಿದ ಕುಟುಂಬಗಳಿಗೆ ಬೇರೆ ಕಡೆಯ ಸಂಬಳ ಪಟ್ಟಿ, ಹಾಜರಿ ಪುಸ್ತಕಗಳಿಂದ ಒಂದೊಂದೇ ಚೂರು ಹುಡುಕಿ ಜೋಡಿಸಿಕೊಡುವ ಕೆಲಸ ದಶಕಗಳ ಕಾಲ ನಡೆದಿದೆ.

ಕಾರ್ಯದರ್ಶಿಯ ಕಡತ

ಅಧ್ಯಕ್ಷಗಿರಿಯ ಕಾಲದ ದಾಖಲೆಗಳಲ್ಲಿ ಎರಡು ಬಗೆ. ಶ್ವೇತಭವನದ ಕೇಂದ್ರ ಕಡತಗಳು ಗಾತ್ರದಲ್ಲಿ ದೊಡ್ಡವು, ಆದರೆ ದಿನನಿತ್ಯದ ಪತ್ರವ್ಯವಹಾರವೇ ಅದರಲ್ಲಿ ಹೆಚ್ಚು. ಹೂರಣ ಇರುವುದು ಖಾಸಗಿ ಕಾರ್ಯದರ್ಶಿ ಆನ್ ವಿಟ್‌ಮನ್ ತಮ್ಮ ಬಳಿ ಪ್ರತ್ಯೇಕವಾಗಿ ಇಟ್ಟುಕೊಂಡಿದ್ದ ಕಡತಗಳಲ್ಲಿ. ಅಧ್ಯಕ್ಷರ ದಿನಚರಿ, ದೂರವಾಣಿ ಮಾತುಕತೆಯ ಟಿಪ್ಪಣಿ, ರಾಷ್ಟ್ರೀಯ ಭದ್ರತಾ ಮಂಡಳಿ ಸಭೆಗಳ ಚರ್ಚೆಯ ಸಾರಾಂಶ, ಭಾಷಣಗಳ ಕರಡು, ವಿದೇಶಿ ನಾಯಕರ ಪತ್ರಗಳು ಎಲ್ಲವೂ ಅದರಲ್ಲಿವೆ. ಸಿಬ್ಬಂದಿ ಕಾರ್ಯದರ್ಶಿ ಜನರಲ್ ಆಂಡ್ರ್ಯೂ ಗುಡ್‌ಪಾಸ್ಟರ್ ಬರೆದಿಡುತ್ತಿದ್ದ ಸಭಾ ಟಿಪ್ಪಣಿಗಳೂ ಅಷ್ಟೇ ಮುಖ್ಯ.

1970ರ ದಶಕದಲ್ಲಿ ಈ ಕಡತಗಳು ತೆರೆಯುತ್ತಿದ್ದಂತೆ ಇತಿಹಾಸಕಾರರು ಬೆಚ್ಚಿದರು. ಸಭೆಗಳಲ್ಲಿ ಪ್ರಶ್ನೆ ಕೇಳುತ್ತಿದ್ದವರು, ಕರಡುಗಳನ್ನು ಸಾಲುಸಾಲಾಗಿ ತಿದ್ದುತ್ತಿದ್ದವರು, ಮಂತ್ರಿಗಳಿಗೆ ದಾರಿ ಹೇಳುತ್ತಿದ್ದವರು ಐಸೆನ್‌ಹೋವರ್ ಅವರೇ ಆಗಿದ್ದರು. ಪತ್ರಿಕಾಗೋಷ್ಠಿಗಳಲ್ಲಿ ತೊದಲುತ್ತಾ, ಅರ್ಥವಾಗದ ಉದ್ದ ವಾಕ್ಯ ಆಡುತ್ತಿದ್ದದ್ದೂ ಕೆಲವು ಸಲ ಬೇಕೆಂದೇ. ತೈವಾನ್ ಬಿಕ್ಕಟ್ಟಿನ ವೇಳೆ 1955ರಲ್ಲಿ, ಆ ಪ್ರಶ್ನೆ ಬಂದರೆ ಅವರನ್ನು ಗೊಂದಲಕ್ಕೆ ಕೆಡವಿಬಿಡುತ್ತೇನೆ ಎಂದು ಪತ್ರಿಕಾ ಕಾರ್ಯದರ್ಶಿಗೆ ಮೊದಲೇ ಹೇಳಿದ್ದರಂತೆ. ರಾಜಕೀಯ ಶಾಸ್ತ್ರಜ್ಞ ಫ್ರೆಡ್ ಗ್ರೀನ್‌ಸ್ಟೀನ್ ಈ ಕಡತಗಳ ಆಧಾರದಲ್ಲಿ 1982ರಲ್ಲಿ ಬರೆದ ಪುಸ್ತಕ, ತೆರೆಮರೆಯ ಕೈಯಿಂದ ಆಳಿದ ಅಧ್ಯಕ್ಷ ಎಂಬ ಚಿತ್ರವನ್ನು ನೆಲೆಗೊಳಿಸಿತು.

ಆದರೆ ಕಾಗದಗಳು ಬರೀ ಹೊಗಳುವುದಿಲ್ಲ. 1952ರ ಚುನಾವಣಾ ಪ್ರಚಾರದಲ್ಲಿ, ಸೆನೆಟರ್ ಜೋಸೆಫ್ ಮೆಕಾರ್ಥಿಯ ರಾಜ್ಯವಾದ ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ ಅಕ್ಟೋಬರ್ 3ರಂದು ಭಾಷಣವಿತ್ತು. ಮೆಕಾರ್ಥಿಯಿಂದ ನಿಂದನೆಗೊಳಗಾಗಿದ್ದ ತಮ್ಮ ಗುರುಸಮಾನರಾದ ಜನರಲ್ ಮಾರ್ಷಲ್ ಪರವಾಗಿ ಒಂದು ಪ್ಯಾರಾ ಕರಡಿನಲ್ಲಿತ್ತು. ಆಡಿದ ಭಾಷಣದಲ್ಲಿ ಅದು ಇರಲಿಲ್ಲ. ಪಕ್ಷದವರ ಒತ್ತಾಯಕ್ಕೆ ಕೈಬಿಟ್ಟಿದ್ದರು. ಕರಡು ಉಳಿದಿರುವುದರಿಂದ ಇದನ್ನು ಅಲ್ಲಗಳೆಯುವಂತಿಲ್ಲ. 1953ರಲ್ಲಿ ಇರಾನ್‌ನ ಪ್ರಧಾನಿ ಮೊಸಾದೆಗ್ ಅವರನ್ನು ಉರುಳಿಸಿದ ಕಥೆಯೂ ಅಂಥದ್ದೇ. ಆ ವರ್ಷದ ಅಕ್ಟೋಬರಿನ ದಿನಚರಿಯಲ್ಲಿ, ಅಲ್ಲಿ ತಮ್ಮವರು ಗುಟ್ಟಾಗಿ ಮಾಡಿದ ಕೆಲಸವನ್ನು ಐಸೆನ್‌ಹೋವರ್ ಒಪ್ಪಿಕೊಂಡು ಬರೆದಿದ್ದಾರೆ. ಅಮೆರಿಕದ ವಿದೇಶಾಂಗ ಇಲಾಖೆ ಈ ಕುರಿತ ದಾಖಲೆ ಸಂಪುಟವನ್ನು ಹೊರತಂದದ್ದು 2017ರಲ್ಲಿ, ಅಂದರೆ 64 ವರ್ಷಗಳ ಮೇಲೆ.

ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಶಾಲೆಗೆ ಕರಿಯ ಮಕ್ಕಳನ್ನು ಸೇರಿಸುವ ವಿಷಯದಲ್ಲಿ 1957ರ ಸೆಪ್ಟೆಂಬರ್ 24ರಂದು ಸೇನೆ ಕಳಿಸಿದ ಪ್ರಕರಣದ ತಂತಿಗಳೂ ಕೈಬರಹದ ಟಿಪ್ಪಣಿಗಳೂ ಇಲ್ಲಿವೆ. 1960ರ ಮೇ 1ರಂದು ರಷ್ಯ ಹೊಡೆದುರುಳಿಸಿದ ಯು-2 ಬೇಹು ವಿಮಾನದ ಬಗ್ಗೆ ಮೊದಲು ಹವಾಮಾನ ವಿಮಾನ ಎಂದು ಸುಳ್ಳು ಹೇಳಿ, ಪೈಲಟ್ ಜೀವಂತ ಸಿಕ್ಕಿದ್ದಾನೆಂದು ಗೊತ್ತಾದ ಮೇಲೆ ಪೇಚಿಗೆ ಸಿಕ್ಕಿದ ದಿನಗಳ ಟಿಪ್ಪಣಿಗಳೂ ಇವೆ.

ಭಾರತದ ಎಳೆ

ಭಾರತದವರಿಗೆ ಬೇಕಾದ ಸಾಮಗ್ರಿ ಕಡಿಮೆಯೇನಿಲ್ಲ. ವಿಟ್‌ಮನ್ ಕಡತದ ಅಂತರರಾಷ್ಟ್ರೀಯ ವಿಭಾಗದಲ್ಲಿ ನೆಹರೂ ಜೊತೆಗಿನ ಪತ್ರವ್ಯವಹಾರವಿದೆ. ಪಾಕಿಸ್ತಾನಕ್ಕೆ ಶಸ್ತ್ರಾಸ್ತ್ರ ನೆರವು ಕೊಡುವ ನಿರ್ಧಾರವನ್ನು ತಿಳಿಸಿ 1954ರ ಫೆಬ್ರುವರಿಯಲ್ಲಿ ಬರೆದ ಪತ್ರ ಅದರಲ್ಲಿ ಮುಖ್ಯವಾದದ್ದು. 1956ರ ಡಿಸೆಂಬರಿನಲ್ಲಿ ನೆಹರೂ ಗೆಟ್ಟಿಸ್‌ಬರ್ಗ್‌ನ ತೋಟದ ಮನೆಗೆ ಹೋಗಿ ಉಳಿದಿದ್ದರು. 1959ರ ಡಿಸೆಂಬರ್ 9ರಿಂದ 14ರವರೆಗೆ ಐಸೆನ್‌ಹೋವರ್ ಭಾರತಕ್ಕೆ ಬಂದರು. ಅಧಿಕಾರದಲ್ಲಿರುವಾಗಲೇ ಭಾರತಕ್ಕೆ ಬಂದ ಮೊದಲ ಅಮೆರಿಕ ಅಧ್ಯಕ್ಷ ಅವರೇ.

ಆಗ ಭಾರತದ ಸೇನಾ ಮುಖ್ಯಸ್ಥರಾಗಿದ್ದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. 1953ರ ಜುಲೈ 27ರಂದು ಕೊರಿಯಾ ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಇದೇ ತಿಮ್ಮಯ್ಯ ಅಧ್ಯಕ್ಷರಾಗಿದ್ದರು. ಕೈದಿಗಳ ಕಾವಲಿಗಿದ್ದ ಭಾರತೀಯ ಪಡೆಯ ನಾಯಕ ಎಸ್.ಪಿ.ಪಿ. ಥೋರಾಟ್. ಕೊರಿಯಾ ಯುದ್ಧ ಮುಗಿಸುವ ಭರವಸೆ ಕೊಟ್ಟೇ ಐಸೆನ್‌ಹೋವರ್ ಚುನಾವಣೆ ಗೆದ್ದಿದ್ದರಿಂದ ಈ ಕೈದಿಗಳ ಪ್ರಶ್ನೆ ಶ್ವೇತಭವನಕ್ಕೂ ತಲೆನೋವಾಗಿತ್ತು. ತಿಮ್ಮಯ್ಯನವರ ಬಗ್ಗೆ ಬರೆಯುವ ಕನ್ನಡದ ಸಂಶೋಧಕರು ದೆಹಲಿಯ ಕಡತಗಳ ಜೊತೆಗೆ 1953-54ರ ಅಮೆರಿಕದ ದಾಖಲೆಗಳನ್ನೂ ತಿರುವಿಹಾಕುವುದು ಒಳ್ಳೆಯದು.

ನಮ್ಮ ಹಿರಿಯರಿಗೆ ಐಸೆನ್‌ಹೋವರ್ ಹೆಸರು ಗೊತ್ತಿರಲಿಕ್ಕಿಲ್ಲ, 'ಪಿ.ಎಲ್. 480' ಗೋಧಿ ಮಾತ್ರ ಗೊತ್ತು. ರೇಷನ್ ಅಂಗಡಿಗೆ ಬರುತ್ತಿದ್ದ ಆ ಗೋಧಿಯ ಮೂಲ ಕಾಯ್ದೆಗೆ ಅವರು ಸಹಿ ಹಾಕಿದ್ದು 1954ರ ಜುಲೈ 10ರಂದು. ನಾಲ್ಕು ವರ್ಷಗಳಲ್ಲಿ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ ಕೊಡುವ ದೊಡ್ಡ ಒಪ್ಪಂದಕ್ಕೆ 1960ರ ಮೇ 4ರಂದು ಅವರೂ ನಮ್ಮ ಆಹಾರ ಮಂತ್ರಿ ಎಸ್.ಕೆ. ಪಾಟೀಲರೂ ಸಹಿ ಮಾಡಿದರು. ಯು-2 ವಿಮಾನ ಬಿದ್ದು ಆಗ ಮೂರೇ ದಿನ ಕಳೆದಿತ್ತು.

ಚರಿತ್ರಕಾರನ ಲೆಕ್ಕ ತಪ್ಪಿದ್ದು

ಐಸೆನ್‌ಹೋವರ್ ಜೀವನಚರಿತ್ರೆ ಬರೆದು ಪ್ರಸಿದ್ಧರಾದವರು ಸ್ಟೀಫನ್ ಆಂಬ್ರೋಸ್. ಮಾಜಿ ಅಧ್ಯಕ್ಷರ ಜೊತೆ ನೂರಾರು ಗಂಟೆ ಕುಳಿತು ಮಾತಾಡಿದ್ದೇನೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಆಂಬ್ರೋಸ್ 2002ರಲ್ಲಿ ತೀರಿಕೊಂಡರು. 2010ರಲ್ಲಿ ಗ್ರಂಥಾಲಯದ ಉಪನಿರ್ದೇಶಕರು ಐಸೆನ್‌ಹೋವರ್ ಅವರ ನಿವೃತ್ತ ದಿನಗಳ ಭೇಟಿ ಪಟ್ಟಿಯನ್ನು ತೆಗೆದು ನೋಡಿದಾಗ ಸಿಕ್ಕಿದ್ದು ಮೂರು ಭೇಟಿಗಳು, ಒಟ್ಟು ಐದು ಗಂಟೆಗೂ ಕಡಿಮೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಗುಮಾಸ್ತರು ಬರೆದಿಟ್ಟ ನೀರಸ ಪಟ್ಟಿಯೊಂದು ಹೆಸರಾಂತ ಲೇಖಕರ ಮಾತನ್ನು ಅಡಿಮೇಲು ಮಾಡಿತು. ಆ ಸಂದರ್ಶನಗಳನ್ನೇ ಆಧಾರವಾಗಿ ಉದ್ಧರಿಸಿದ ಪುಸ್ತಕಗಳನ್ನು ಈಗ ಎಚ್ಚರಿಕೆಯಿಂದ ಬಳಸಬೇಕಾಗಿದೆ.

ಅದೇ 2010ರಲ್ಲಿ ಇನ್ನೊಂದು ಸಂಗತಿ ನಡೆಯಿತು. 1961ರ ಜನವರಿ 17ರ ವಿದಾಯ ಭಾಷಣದಲ್ಲಿ ಐಸೆನ್‌ಹೋವರ್ ಸೇನೆ ಮತ್ತು ಶಸ್ತ್ರೋದ್ಯಮಗಳ ಕೂಟದ ಬಗ್ಗೆ ದೇಶಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಪಂಚತಾರಾ ಜನರಲ್ ಒಬ್ಬರ ಬಾಯಿಂದ ಬಂದ ಆ ಮಾತು ಯಾರ ಕಲ್ಪನೆ ಎಂಬ ಚರ್ಚೆ ಬಹಳ ಇತ್ತು. ಭಾಷಣ ಬರೆಯುವ ತಂಡದ ಮುಖ್ಯಸ್ಥ ಮಾಲ್ಕಮ್ ಮೂಸ್ ಅವರ ಕಾಗದಗಳು ಮಿನ್ನೆಸೊಟಾದ ಕುಟುಂಬದ ಕ್ಯಾಬಿನ್ ಒಂದರಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದವು. ಅವು ಗ್ರಂಥಾಲಯಕ್ಕೆ ಬಂದ ಮೇಲೆ, ಭಾಷಣದ ಕೆಲಸ ಕೊನೇ ಗಳಿಗೆಯದಲ್ಲ, ತಿಂಗಳುಗಟ್ಟಲೆ ನಡೆದು ಕರಡಿನ ಮೇಲೆ ಕರಡು ತಿದ್ದಿದ್ದರು ಎಂಬುದು ಸ್ಪಷ್ಟವಾಯಿತು.

ಓದಬೇಕೆನ್ನುವವರಿಗೆ

ಅಧ್ಯಕ್ಷರ ಪತ್ರ, ಟಿಪ್ಪಣಿಗಳ ಆಯ್ದ ಭಾಗ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ 21 ಸಂಪುಟಗಳಲ್ಲಿ ಅಚ್ಚಾಗಿದೆ. ಯುದ್ಧಕಾಲದ ಮೊದಲ ಐದು ಸಂಪುಟ 1970ರಲ್ಲಿ, ಕೊನೆಯವು 2001ರಲ್ಲಿ ಬಂದವು. ದಿನಚರಿಗಳ ಆಯ್ಕೆ 1981ರಲ್ಲಿ ಪ್ರತ್ಯೇಕ ಪುಸ್ತಕವಾಗಿದೆ. ಮೇಮಿಯವರಿಗೆ ಬರೆದ ಯುದ್ಧಕಾಲದ ಪತ್ರಗಳನ್ನು ಮಗ ಜಾನ್ 1978ರಲ್ಲಿ ಪ್ರಕಟಿಸಿದರು.

ಆಬಿಲಿನ್‌ವರೆಗೆ ಹೋಗಲಾಗದವರಿಗೆ ಗ್ರಂಥಾಲಯದ ಅಂತರಜಾಲ ತಾಣದಲ್ಲಿ ಪೆಟ್ಟಿಗೆವಾರು ಕಡತಸೂಚಿಗಳು ಉಚಿತವಾಗಿ ಸಿಗುತ್ತವೆ. ನಾರ್ಮಂಡಿ ಚೀಟಿ, ಲಿಟಲ್ ರಾಕ್, ಯು-2, ವಿದಾಯ ಭಾಷಣದಂಥ ಹೆಚ್ಚು ಕೇಳಿಕೆಯ ವಿಷಯಗಳ ಮೂಲ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಕಡತಸೂಚಿಯನ್ನು ಮೊದಲು ನೋಡಿ, ಪೆಟ್ಟಿಗೆ ಮತ್ತು ಕಡತದ ಹೆಸರನ್ನು ಗುರುತು ಮಾಡಿಕೊಂಡು ಆಮೇಲೆ ಪತ್ರ ಬರೆದರೆ ಅಲ್ಲಿನ ಸಿಬ್ಬಂದಿಗೆ ಹುಡುಕಿಕೊಡುವುದು ಸುಲಭ. ಗುಪ್ತ ಎಂದು ಇನ್ನೂ ಮುಚ್ಚಿಟ್ಟಿರುವ ಹಾಳೆಗಳ ಜಾಗದಲ್ಲಿ ತಾರೀಕು, ಪುಟಸಂಖ್ಯೆ ಬರೆದ ಒಂದು ಬದಲಿ ಹಾಳೆ ಇರುತ್ತದೆ. ಆ ವಿವರ ಕೊಟ್ಟು ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಉತ್ತರ ಬರಲು ವರ್ಷಗಳೇ ಹಿಡಿಯುವುದೂ ಉಂಟು.